ಬಿಲ್ಲಿಗೆ ತಕ್ಕ ಮರ

ನನ್ನ ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತುಂಟು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಸಿಕ್ಕುವ ಮದ್ದೂರಿನಲ್ಲಿ ಹುಡುಗನಾಗಿದ್ದಾಗ ನಾನೇ ಮಾಡಿಕೊಂಡ ಬಿಲ್ಲಿನ ಕೊಡುಗೆ ಅದು. ಈಗ ನನ್ನ ಮೊಮ್ಮಗನಿಗೂ ಬಿಲ್ಲು ಬೇಕಂತೆ. ಬೇಡವೆಂದರೆ ಕದ್ದು ಮಾಡಿಕೊಳ್ಳುತ್ತಾನೆ. ಆದ್ದರಿಂದ ಸರಿಯಾದ ಮರವನ್ನು ತೋರಿಸಿಕೊಡುವುದೇ ಮೇಲು.

ನನ್ನ ಮೊದಲನೆಯ ಬಿಲ್ಲು ಬೇಲಿಯ ಹಸಿ ಕೊಂಬೆಯದು. ಬಾಗಿಸಿದೆ, ಬಾಗಿಯೇ ಉಳಿಯಿತು. ಎರಡನೆಯದು ಒಣಗಿದ ತೇಗದ ರೀಪು. ಮೂರನೆಯ ಬಾಣಕ್ಕೆ ಮುರಿದು ಮುಖಕ್ಕೆ ಬಡಿಯಿತು. ತೇಗ ಬಾಗಿಲಿಗೆ, ಮಂಚಕ್ಕೆ ಒಳ್ಳೆಯ ಮರ. ಆದರೆ ಬಿಲ್ಲಿನಷ್ಟು ಬಳುಕನ್ನು ಅದರಿಂದ ಕೇಳಬಾರದು. ಸಾಲದುದಕ್ಕೆ ಆ ರೀಪಿನ ಎಳೆಗಳು ಓರೆಯಾಗಿ ಅಂಚಿಗೆ ಹಾಯ್ದಿದ್ದುವು. ಮುರಿದದ್ದೂ ಅದೇ ಓರೆಯಲ್ಲಿ.

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಎರಡನ್ನೂ ತಾಳಿಕೊಂಡು ಮತ್ತೆ ನೆಟ್ಟಗಾಗುವ ಮರವೇ ಬಿಲ್ಲಿನ ಮರ. ಬರಿಯ ಗಟ್ಟಿತನ ಸಾಲದು, ಬರಿಯ ಬಳುಕೂ ಸಾಲದು.

ನಮ್ಮ ಸೀಮೆಯಲ್ಲಿ ಇಂಥ ಗುಣದ ಮರಗಳಿಗೆ ಬಡತನವಿಲ್ಲ. ಹಣ್ಣು ತಿನ್ನಲು ಮಕ್ಕಳು ಹುಡುಕುವ ತಡಸಲು ಮರವನ್ನೇ ನೋಡಿ. ಸಂಸ್ಕೃತದಲ್ಲಿ ಇದಕ್ಕೆ ‘ಧನ್ವನ’ ಎಂಬ ಹೆಸರು; ಹೆಸರಿನಲ್ಲೇ ಬಿಲ್ಲು ಅಡಗಿದೆ. ಹೊರೆ ಹೊರುವ ಅಡ್ಡೆಗೆ, ಹಿಡಿಗೆ ಇದನ್ನು ಬಳಸುವುದು ಇದರ ಪುಟಿತಕ್ಕಾಗಿ. ದಿಂಡಿಗ ಇನ್ನೂ ಗಟ್ಟಿ. ಗಾಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ಬಂದದ್ದು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಮೂಲಗಳನ್ನು ಹೇಳುತ್ತದೆ.

ಹಾಗೆಂದು ಕೊಡಲಿ ಹಿಡಿದು ಕಾಡಿಗೆ ನಡೆಯಬೇಡಿ. ಮದ್ದೂರು ವಲಯ ಬಂಡೀಪುರ ಹುಲಿ ರಕ್ಷಿತಾರಣ್ಯದ ಭಾಗ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಅದು. ಅಲ್ಲಿಂದ ಒಂದು ಕೋಲು ತಂದರೂ ಅಪರಾಧವೇ. ಮೊಮ್ಮಗನಿಗೆ ನಾನು ಆರಿಸಿಕೊಟ್ಟದ್ದು ಬಿದಿರು, ಅದೂ ಹಿತ್ತಲಿನದು. 2017ರ ಕಾನೂನಿನ ತಿದ್ದುಪಡಿಯಾದ ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾಯಿದೆ ‘ಮರ’ವೆಂದು ಎಣಿಸುವುದಿಲ್ಲ.

ಬಿದಿರನ್ನು ಆರಿಸುವಾಗ ಈ ವರ್ಷದ ಎಳೆಯ ಮೊಳೆ ಬೇಡ. ಮೂರು ವರ್ಷ ಬಲಿತದ್ದು, ಹುಳು ತೂತಿಲ್ಲದ್ದು, ನೆಟ್ಟಗಿರುವುದು ಬೇಕು. ಸೀಳಿ, ಕೆಲವು ತಿಂಗಳು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಮರದ ತುಂಡಾದರೆ ಎರಡು ತುದಿಗೂ ಮೇಣವನ್ನೋ ಬಣ್ಣವನ್ನೋ ಬಳಿಯಿರಿ. ತುದಿ ಬೇಗ ಒಣಗಿ ಸೀಳುವುದು ಅದರಿಂದ ತಪ್ಪುತ್ತದೆ. ಬಿದಿರಿನ ಗಟ್ಟಿ ನಾರು ಸಿಪ್ಪೆಯ ಬಳಿಯಲ್ಲೇ ಹೆಚ್ಚು. ಆ ಹೊರಮೈಯನ್ನು ಬೆನ್ನಾಗಿಟ್ಟು, ಒಳಗಿನಿಂದ ಮಾತ್ರ ಹೆರೆಯಿರಿ. ಮರದಲ್ಲಾದರೂ ಬೆನ್ನಿನ ಎಳೆಗಳನ್ನು ಕಡಿಯಬಾರದು, ಗಂಟಿರುವ ತುಂಡನ್ನು ಆರಿಸಬಾರದು.

ಉದ್ದ ಹುಡುಗನ ಎತ್ತರದಷ್ಟಿರಲಿ. ಗಿಡ್ಡ ಬಿಲ್ಲು ಬೇಗ ಮುರಿಯುತ್ತದೆ. ಹೆರೆಯುವಾಗ ಒಂದು ಲೆಕ್ಕ ನೆನಪಿರಲಿ: ಅಗಲ ಇಮ್ಮಡಿಯಾದರೆ ಬಿಗಿತವೂ ಇಮ್ಮಡಿ, ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಮಡಿ. ಆದ್ದರಿಂದ ಸ್ವಲ್ಪ ಹೆರೆದು, ಸ್ವಲ್ಪ ಬಾಗಿಸಿ, ಎರಡು ತೋಳುಗಳೂ ಸಮನಾಗಿ ಬಾಗುವವೇ ಎಂದು ನೋಡುತ್ತ ಹೋಗಬೇಕು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ಹೊಡೆಯುತ್ತದೆ. ಗುರಿ ಹುಲ್ಲಿನ ಕಂತೆಯಾಗಿರಲಿ. ಹಕ್ಕಿಯೂ ಬೇಡ, ಅಳಿಲೂ ಬೇಡ.

ನಮ್ಮ ಬಿದಿರಿನ ಸೀಳು ಅಟ್ಟದ ಮೇಲೆ ಒಣಗುತ್ತಿದೆ. ಹುಡುಗ ದಿನವೂ ಏಣಿ ಹತ್ತಿ ಮುಟ್ಟಿ ನೋಡುತ್ತಾನೆ. ‘ಇನ್ನೂ ಎಷ್ಟು ದಿನ, ತಾತ?’ ಎನ್ನುತ್ತಾನೆ. ನಾನು ಹುಬ್ಬನ್ನು ಮುಟ್ಟಿ ತೋರಿಸುತ್ತೇನೆ. ಸುಮ್ಮನೆ ಇಳಿದು ಹೋಗುತ್ತಾನೆ.