ಒಂದೇ ಕಲ್ಲಿನ ದೇವರು, ಹಲವು ಕಲ್ಲಿನ ಗುಡಿ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಮಾಡಿದ ಉಪನ್ಯಾಸದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ ಸದಸ್ಯರೆಲ್ಲ ಸೇರಿ ಲೇಪಾಕ್ಷಿ, ಹಂಪಿಗೆ ಹೋಗಿಬಂದೆವಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು, ಹೊಸಪೇಟೆಯಲ್ಲಿ ಯಾರು ತಪ್ಪಿಸಿಕೊಂಡರು ಅನ್ನೋದು ಆಗಲೇ ಊರಿಗೆಲ್ಲ ಗೊತ್ತಾಗಿದೆ. ಹಾಗಾಗಿ ನಾನು ಕಲ್ಲಿನ ವಿಷಯ ಮಾತ್ರ ಹೇಳುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಈಶ್ವರನ ಗುಡಿಯನ್ನು ಕೆಡವಿ ಹೊಸದಾಗಿ ಆರ್‌.ಸಿ.ಸಿ. ಗುಡಿ ಕಟ್ಟಬೇಕು ಅನ್ನೋ ಮಾತು ಆರು ತಿಂಗಳಿಂದ ಓಡಾಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೋಡಿದ್ದು ಲೇಪಾಕ್ಷಿಯ ಬಸವಣ್ಣ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್‌. ಬಸವಣ್ಣನ ಎತ್ತರ ಹದಿನೈದು ಅಡಿ, ಉದ್ದ ಇಪ್ಪತ್ತೇಳು ಅಡಿ. ನಮ್ಮ ಸಂಘದ ಗೊಬ್ಬರದ ಗೋಡೌನಿನಲ್ಲಿ ಕೂರಿಸಿದರೆ ಬಾಗಿಲು ಹಾಕಲಿಕ್ಕೆ ಆಗೋದಿಲ್ಲ! ಕೊರಳಿನ ಗಂಟೆ ಸರ, ಮೈಮೇಲಿನ ಹಗ್ಗ, ಮಡಿಸಿದ ಕಾಲು, ಎಲ್ಲಾ ಒಂದೇ ಬಂಡೆ. ನಮ್ಮಲ್ಲೊಬ್ಬರು, "ಇಷ್ಟು ದೊಡ್ಡ ಕಲ್ಲನ್ನ ಎಲ್ಲಿಂದ ಹೊತ್ತು ತಂದರಪ್ಪ, ಎಷ್ಟು ಆನೆ ಬೇಕಾಯ್ತೋ!" ಅಂದರು. ಹೊತ್ತು ತಂದಿಲ್ಲ. ಬಂಡೆ ಅಲ್ಲೇ ಇತ್ತು. ಬಂಡೆ ಎಲ್ಲಿದೆಯೋ ಅಲ್ಲಿಗೇ ಶಿಲ್ಪಿ ಹೋದ. ಬಸವಣ್ಣ ಅಲ್ಲದ್ದನ್ನೆಲ್ಲ ಕೆತ್ತಿ ತೆಗೆದ. ಇಂಥ ದೊಡ್ಡ ಏಕಶಿಲಾ ವಿಗ್ರಹಗಳ ಮುಂದೆ ನಿಂತಾಗ ಇದನ್ನು ಮೊದಲು ನೆನೆಯಬೇಕು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಆಮೆಯ ಬೆನ್ನಿನಂತಿರುವ ಬಂಡೆಯ ಮೇಲೆ ವೀರಭದ್ರ ದೇವಾಲಯ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1530ರ ದಶಕದಲ್ಲಿ, ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಕಟ್ಟಿಸಿದ್ದು. ಏಳು ಹೆಡೆಯ ನಾಗರ, ಅದರ ನೆರಳಲ್ಲಿ ಲಿಂಗ, ಅದೂ ನಿಂತ ಬಂಡೆಯಲ್ಲೇ ಕೆತ್ತಿದ್ದು. ತಾಯಿ ಊಟಕ್ಕೆ ಅಡಿಗೆ ಮಾಡಿ ಮುಗಿಸೋದರೊಳಗೆ ಮಕ್ಕಳು ಅದನ್ನು ಕೆತ್ತಿಬಿಟ್ಟರು ಅಂತ ಕಥೆ. ನಂಬಬೇಕಾಗಿಲ್ಲ. ಆದರೆ ಹೀಗೊಂದು ಕಥೆ ಕಟ್ಟಿದವರಿಗೆ ಕಲ್ಲುಕುಟಿಗರ ಹಸಿವು ಗೊತ್ತಿತ್ತು ಅನ್ನಿಸುತ್ತದೆ. ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆ, ಕಂಬಗಳ ಮೇಲೆ ಆಕಾಶ.

ಹಂಪಿಯ ಮಾತು ಬೇರೆ. ಅಲ್ಲಿ ಗುಡ್ಡವೇ ಬಂಡೆ, ಊರೇ ಬಂಡೆ. ದಾರಿಯ ಪಕ್ಕದ ಗುಂಡುಗಳನ್ನು ನೋಡಿದಿರಾ? ಅಂಚಿನಲ್ಲಿ ಒಂದೇ ಅಳತೆಯ ಸಣ್ಣ ಗುಳಿಗಳ ಸಾಲು, ರೊಟ್ಟಿಗೆ ಇಲಿ ಕಚ್ಚಿದ ಹಾಗೆ. ಸಾಲಾಗಿ ಗುಳಿ ಹೊಡೆದು ಬೆಣೆ ಇಟ್ಟು ಕಲ್ಲು ಸೀಳಿದ ಗುರುತು ಅದು. ನಮ್ಮ ಊರಿನ ಕಲ್ಲು ಒಡೆಯುವವರು ಅದನ್ನು ನೋಡಿದ ತಕ್ಷಣ, "ಇದು ನಮ್ಮ ಕೆಲಸವೇ ಸ್ವಾಮಿ" ಅಂದರು. ಗೈಡು ಹೇಳಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಬೆಲೆಯುಳ್ಳದ್ದು.

ಹೇಮಕೂಟದ ಇಳಿಜಾರಿನಲ್ಲಿ ಎರಡು ಗಣಪ. ಸಾಸಿವೆಕಾಳು ಗಣಪ ಎಂಟು ಅಡಿ, ಕಡಲೆಕಾಳು ಗಣಪ ಹದಿನೈದು ಅಡಿ. ಹೆಸರಿಟ್ಟವರು ಒಳ್ಳೇ ತಮಾಷೆಗಾರರು! ಸಾಸಿವೆಕಾಳಿನ ಗಣಪನ ಮಂಟಪವನ್ನು 1506ರಲ್ಲಿ ಚಂದ್ರಗಿರಿಯ ಕಡೆಯ ಒಬ್ಬ ವ್ಯಾಪಾರಿ ಕಟ್ಟಿಸಿದ ಎಂದು ಶಾಸನ ಇದೆ. ರಾಜರು ಮಾತ್ರ ಕಟ್ಟಿಸಿದರು ಅಂತ ತಿಳಿಯಬೇಡಿ.

ಆಮೇಲೆ ನರಸಿಂಹ. ಎತ್ತರ 6.7 ಮೀಟರ್‌, ಅಂದರೆ ಇಪ್ಪತ್ತೆರಡು ಅಡಿ. 1528ರಲ್ಲಿ, ಕೃಷ್ಣದೇವರಾಯ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ, ಪ್ರತಿಷ್ಠೆ ಆಯಿತು. ಎಲ್ಲರೂ ಉಗ್ರನರಸಿಂಹ ಅನ್ನುತ್ತಾರೆ. ನಿಜವಾಗಿ ಅವನು ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ಅವಳನ್ನು ಒಡೆದುಹಾಕಿದರು. ಉಳಿದದ್ದು ಅವನ ಬೆನ್ನನ್ನು ಬಳಸಿದ ಅವಳ ಒಂದು ಕೈ ಮಾತ್ರ. ನಮ್ಮ ಹೆಣ್ಣುಮಕ್ಕಳು ಹಿಂದಕ್ಕೆ ಹೋಗಿ ಆ ಕೈಯನ್ನು ನೋಡಿ ಬಹಳ ಹೊತ್ತು ಮಾತಾಡದೆ ನಿಂತಿದ್ದರು. ಹೆಂಡತಿ ಹೋದ ಮೇಲೆ ಅವನಿಗೆ ಉಗ್ರ ಅಂತ ಹೆಸರು ಬಂತು. ಮಂಡಿಗಳ ಮುಂದೆ ಕಾಣುವ ಕಲ್ಲಿನ ಪಟ್ಟಿ ಪುರಾತತ್ತ್ವ ಇಲಾಖೆಯವರು ಕಾಲಿಗೆ ಆಸರೆಯಾಗಿ ಆಮೇಲೆ ಹಾಕಿದ್ದು. ಕಾಲಿಗೆ ಆಸರೆ ಕೊಡಬಹುದು, ಲಕ್ಷ್ಮಿಯನ್ನು ಮತ್ತೆ ತರೋದಕ್ಕೆ ಆಗೋದಿಲ್ಲ. ಒಂದೇ ಕಲ್ಲು ಒಡೆದರೆ ಒಡೆಯಿತು.

ಪಕ್ಕದಲ್ಲೇ ಬಡವಿ ಲಿಂಗ. ಒಬ್ಬ ಬಡ ಹೆಂಗಸು ಮಾಡಿಸಿದ್ದು ಅಂತ ಹೇಳುತ್ತಾರೆ. ಸುಮಾರು ಹತ್ತು ಅಡಿಯ ಲಿಂಗ, ಬುಡದಲ್ಲಿ ಸದಾ ನೀರು. ಆ ನೀರು ಬರೋದು ವಿಜಯನಗರದ ಕಾಲದ ತುರ್ತು ಕಾಲುವೆಯಿಂದ. ಅದೇ ಕಾಲುವೆ ಇವತ್ತೂ ಅಲ್ಲಿಯ ಬಾಳೆ ತೋಟಗಳಿಗೆ ನೀರು ಕೊಡುತ್ತಿದೆ. ನಮ್ಮ ರೈತರೆಲ್ಲ ದೇವರಿಗೆ ಕೈಮುಗಿದು, ಹೊರಗೆ ಬಂದು ಕಾಲುವೆಯನ್ನೇ ನೋಡುತ್ತಾ ನಿಂತುಬಿಟ್ಟರು. ಬಸ್ಸಿನ ಡ್ರೈವರು ಹಾರನ್‌ ಹೊಡೆದೂ ಹೊಡೆದೂ ಸಾಕಾದ.

ಇನ್ನು ವಿಠ್ಠಲ ದೇವಸ್ಥಾನದ ಕಲ್ಲಿನ ರಥ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಅದೇ. ಅದನ್ನೂ ಏಕಶಿಲೆ ಅಂತ ಬಹಳ ಜನ ಹೇಳ್ತಾರೆ. ಅಲ್ಲ. ಅದು ಗರುಡನ ಗುಡಿ. ಹಲವು ಕಲ್ಲುಗಳನ್ನು, ಬೆಸುಗೆ ಕಾಣದ ಹಾಗೆ, ಕೆತ್ತನೆಯ ಗೆರೆಯೊಳಗೇ ಸಂದು ಬರುವ ಹಾಗೆ ಜೋಡಿಸಿದ್ದು. ಏಕಶಿಲಾ ರಥ ನೋಡಬೇಕಾದರೆ ಮಹಾಬಲಿಪುರಕ್ಕೆ ಹೋಗಬೇಕು. ಏಳನೇ ಶತಮಾನದಲ್ಲಿ ಪಲ್ಲವರು ಬಂಡೆಯನ್ನೇ ರಥವಾಗಿ ಕೆತ್ತಿದ್ದಾರೆ.

ಒಂದೇ ಕಲ್ಲಿನ ವಿಗ್ರಹ ಬೇರೆ, ಜೋಡಿಸಿದ ಕಲ್ಲಿನ ಗುಡಿ ಬೇರೆ. ನಮ್ಮ ಈಶ್ವರನ ಗುಡಿ ಎರಡನೇ ಜಾತಿಯದು. ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು, ಭಾರದ ಮೇಲೆ ಭಾರ ಕೂತು ನಿಂತಿದೆ. ಅದು ವಾಲಿದೆ, ಸೋರುತ್ತಿದೆ, ನಿಜ. ಮಳೆಗಾಲದಲ್ಲಿ ಪೂಜೆಗೆ ನಿಂತವರ ತಲೆಮೇಲೆ ನೀರು ತೊಟ್ಟಿಕ್ಕುತ್ತದೆ, ಅದೂ ನಿಜ. ಹೊಸ ಗುಡಿ ಬೇಕು ಅನ್ನುವವರನ್ನು ನಾನು ಬಯ್ಯೋದಿಲ್ಲ. ಅವರದೂ ಭಕ್ತಿಯೇ. ಆದರೆ ಜೋಡಿಸಿದ್ದನ್ನು ಬಿಚ್ಚಿ ಮತ್ತೆ ಜೋಡಿಸಬಹುದು. ಕೃಷ್ಣರಾಜಸಾಗರ ಕಟ್ಟಿದಾಗ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ನೀರಲ್ಲಿ ಮುಳುಗಿತು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತಿತ್ತು. ಈಚೆಗೆ ಅದರ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ನೀರೊಳಗಿದ್ದ ಗುಡಿಯನ್ನೇ ಎತ್ತಿ ನಿಲ್ಲಿಸಿರುವಾಗ, ವಾಲಿದ ಗುಡಿಗೆ ಜೆ.ಸಿ.ಬಿ. ಯಾಕೆ? ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನವರು ಇಂಥ ಹಳೆಯ ಗುಡಿಗಳನ್ನು ರಾಜ್ಯದ ಎಷ್ಟೋ ಊರುಗಳಲ್ಲಿ ಸರಿಮಾಡಿದ್ದಾರೆ. ರಾಜ್ಯದ ಪುರಾತತ್ತ್ವ ಇಲಾಖೆಗೂ ಅರ್ಜಿ ಕೊಡಬಹುದು. ಅರ್ಜಿ ಬರೆಯೋದು ನಮ್ಮ ಸಂಘದವರಿಗೆ ಹೊಸದೇನಲ್ಲ, ಇಪ್ಪತ್ತೈದು ವರ್ಷದ ಅಭ್ಯಾಸ.

ಇನ್ನೊಂದು ಮಾತು. ಹೋದ ಜಾತ್ರೆಗೆ ನಮ್ಮ ಬಸವಣ್ಣನಿಗೆ ಆಯಿಲ್‌ ಪೇಂಟ್‌ ಬಳಿದಿದ್ದೇವೆ. ಕೊಂಬಿಗೆ ಹಳದಿ, ಕಣ್ಣಿಗೆ ಕಪ್ಪು. ಆಗ ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ, ಅದನ್ನು ಮುಚ್ಚಿಡೋದಿಲ್ಲ. ಬಣ್ಣದ ಕೆಳಗೆ ನೀರು ಸೇರಿಕೊಂಡರೆ ಹೊರಗೆ ಬರೋಕೆ ದಾರಿ ಇರೋದಿಲ್ಲ, ಸಣ್ಣ ಕೆತ್ತನೆಯೂ ಮುಚ್ಚಿಹೋಗುತ್ತದೆ. ಹಾಗಂತ ಮರಳು ಊದುವ ಮೆಷಿನ್ನು ತಂದು ತೆಗೆಸಿದರೆ ಬಣ್ಣದ ಜೊತೆ ಕೆತ್ತನೆಯ ಮೊನೆಯೂ ಹೋಗುತ್ತದೆ. ತಿಳಿದವರನ್ನು ಕೇಳುವವರೆಗೆ ಅವನು ಹಾಗೇ ಇರಲಿ.

ಹುಡುಗರಿಗೂ ಒಂದು ಮಾತು. 2019ರಲ್ಲಿ ಹಂಪಿಯಲ್ಲಿ ಕೆಲವರು ಒಂದು ಕಂಬವನ್ನು ತಳ್ಳಿ ಬೀಳಿಸಿ ವಿಡಿಯೋ ಬಿಟ್ಟಿದ್ದರು. ನ್ಯಾಯಾಲಯ ದಂಡ ಹಾಕಿ, ಆ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ನಮ್ಮ ಗುಡಿಯ ಕಂಬದ ಮೇಲೂ ಕಲ್ಲಲ್ಲಿ ಗೀಚಿದ ಹೆಸರುಗಳಿವೆ. ಕೆಲವು ನನ್ನ ಶಿಷ್ಯರ ಅಕ್ಷರ. ಅಕ್ಷರ ದುಂಡಗಿದೆ, ಆದರೂ ಬೇಡಿತ್ತು.

ಕೆಡವುವ ವಿಷಯ ಮುಂದಿನ ಊರ ಸಭೆಗೆ ಬರುತ್ತದೆ. ಅದಕ್ಕೆ ಮುಂಚೆ, ಗುಡಿ ಎಲ್ಲಿ ಸೋರುತ್ತಿದೆ ಅಂತ ಯಾರಾದರೂ ಮೇಲೆ ಹತ್ತಿ ನೋಡಿದ್ದಾರೆಯೇ? ನಾನು ವಿಚಾರಿಸಿದೆ, ಯಾರೂ ನೋಡಿಲ್ಲ. ಕೆಳಗಿಂದ ಕಾಣುವುದು ಚಾವಣಿಯ ಸಂದಿನಲ್ಲಿ ಎದ್ದಿರುವ ಒಂದು ಅರಳಿ ಗಿಡ. ಬೇರು ಕಲ್ಲನ್ನು ಅಗಲಿಸಿರಬಹುದು, ಮೇಲಿನ ಹಳೆಯ ಗಾರೆ ಎದ್ದಿರಬಹುದು. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಗುಡಿಯ ಹತ್ತಿರ ಇರುತ್ತೇನೆ. ಏಣಿ ಇದ್ದವರು ಏಣಿ ತನ್ನಿ, ಅಳತೆ ಟೇಪು ಸಂಘದಿಂದ ಕೊಡುತ್ತೇವೆ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ಕಲ್ಲು ಕೆಲಸ ಬಲ್ಲವರು ತಪ್ಪದೆ ಬರಬೇಕು. ಹತ್ತುವವರು ನೀವು. ನಾನು ಕೆಳಗೆ ನಿಂತು ಬರೆದುಕೊಳ್ಳುತ್ತೇನೆ.