ತಿದ್ದುವ ಮುನ್ನ ಕೇಳೋಣ



ಇಲ್ಲಿ ಕಿಲಿಮಾನಿಯಲ್ಲಿ ನನ್ನ ಗೆಳತಿಯೊಬ್ಬಳಿಗೆ ಸಿಕಲ್ ಸೆಲ್ ಕಾಯಿಲೆ. ನೋವು ಬಂದರೆ ವಾರಗಟ್ಟಲೆ ಶಾಲೆಗೆ ಬರಲಾರಳು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಕಾಯಿಲೆ ಇದೆ. 2023ರಲ್ಲಿ ಬ್ರಿಟನ್, ಅಮೆರಿಕ ಇದಕ್ಕೆ ಜೀನ್ ತಿದ್ದುವ ಚಿಕಿತ್ಸೆಯನ್ನು ಒಪ್ಪಿದವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್! ಅದು ಅವಳಿಗೂ ಎಟುಕಲಿ.

ಆ ತಿದ್ದುಪಡಿ ರೋಗಿಯಲ್ಲೇ ಉಳಿಯುತ್ತದೆ. ಭ್ರೂಣವನ್ನೇ ತಿದ್ದಿದರೆ ಮೊಮ್ಮಕ್ಕಳವರೆಗೂ ಹೋಗುತ್ತದೆ. ಈ ಜೀನ್ ತಂದೆತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ. ಕೀನ್ಯಾದಲ್ಲಿ ಬೆಳೆದ ಆಂಥನಿ ಅಲಿಸನ್ 1954ರಲ್ಲಿ ಇದನ್ನು ತೋರಿಸಿದರು. ದೋಷವೆಂದು ಅಳಿಸಿದ್ದು ಗುರಾಣಿಯೂ ಆಗಿರಬಹುದು.

ಚಿಕಿತ್ಸೆ ಬೇಕೋ ಬೇಡವೋ ಎಂದು ನನ್ನ ಗೆಳತಿ ತಾನೇ ಹೇಳಬಲ್ಲಳು. ಹುಟ್ಟದ ಮಗುವನ್ನು ಕೇಳುವವರು ಯಾರು?