ಗಡಿಯಾಚೆಯ ಮೇಷ್ಟ್ರು, ಕೊಟ್ಟೂರಿನ ಕಥೆಗಾರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

'ಸಾಹಿತಿಯ ಸೃಜನಶೀಲ ಬದುಕು' ಎಂಬ ವಿಷಯ ಕೊಟ್ಟಿದ್ದೀರಿ. ಈ ವಿಷಯ ಹಿಡಿದು ಠಾಗೋರರ ಬಂಗಾಳಕ್ಕೋ ಇಕ್ಬಾಲರ ಲಾಹೋರಿಗೋ ಹೋಗಬಹುದು. ನಾನು ಅಷ್ಟು ದೂರ ಹೋಗುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆ ಓಡಾಡುವ ಬಸ್ಸಿನಲ್ಲಿ ಕೂತವರಿಗೆ ಸಿಗುವ ಮಾತನ್ನೇ ಆಡುತ್ತೇನೆ.

1953ರ ಅಕ್ಟೋಬರ್ 1ನೇ ತಾರೀಖನ್ನು ನೆನಪಿಟ್ಟುಕೊಳ್ಳಿ. ಮದ್ರಾಸ್ ರಾಜ್ಯ ಒಡೆದು ಆಂಧ್ರ ರಾಜ್ಯ ಹುಟ್ಟಿದ ದಿನ ಅದು. ಅವತ್ತೇ ಹಳೆಯ ಬಳ್ಳಾರಿ ಜಿಲ್ಲೆಯೂ ಎರಡಾಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಜೊತೆಗೆ ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಸೇರಿದವು. ಕುಂ. ವೀರಭದ್ರಪ್ಪನವರ ಹುಟ್ಟಿದ ದಿನವೂ ಅದೇ 1953ರ ಅಕ್ಟೋಬರ್ 1, ಊರು ಕೊಟ್ಟೂರು. ಗಡಿಗೆರೆ ಎಳೆದ ದಿನ ಹುಟ್ಟಿದ ಹುಡುಗ ಮುಂದೆ ಅದೇ ಗೆರೆ ದಾಟಿ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾದರು. ದಶಕಗಟ್ಟಲೆ ಅಲ್ಲೇ ಪಾಠ ಹೇಳಿದರು. ಬರೆದದ್ದು ಮಾತ್ರ ಕನ್ನಡದಲ್ಲಿ. ನಾವೆಲ್ಲ ಪ್ರೀತಿಯಿಂದ ಕರೆಯುವ ಕುಂವೀ ಅವರೇ ಇವರು.

ಬೆಂಗಳೂರು, ಮೈಸೂರುಗಳ ಸಾಹಿತ್ಯ ಗೋಷ್ಠಿಗಳಿಂದ ಅಷ್ಟು ದೂರ, ಅಕ್ಕಪಕ್ಕ ತೆಲುಗು ಮಾತು, ಬಿಸಿಲು, ಬರ, ಪಾಳೆಯಗಾರಿಕೆಯ ಪಳೆಯುಳಿಕೆ, ಪ್ರಾಥಮಿಕ ಶಾಲೆಯ ಸಂಬಳ. ಇಂಥ ಕಡೆ ಕೂತವನು ಲೇಖಕನಾಗುವುದು ಕಷ್ಟ ಎಂದು ಯಾರಾದರೂ ಹೇಳಿಯಾರು. ಕುಂವೀ ವಿಷಯದಲ್ಲಿ ಆ ದೂರವೇ ಬಂಡವಾಳವಾಯಿತು. ಯಾಪಿಲ್ಲು, ಶಾಮಣ್ಣ, ಬೇಟೆ ಮುಂತಾದ ಕಾದಂಬರಿಗಳಲ್ಲಿ ಬರುವ ಜನ ಬೇರೆ ಯಾವ ಊರಿನ ಲೇಖಕನಿಗೂ ಸಿಗುವವರಲ್ಲ. ರಾಯಲಸೀಮೆಯ ಬಗ್ಗೆ ಪುಸ್ತಕವನ್ನೇ ಬರೆದರು. ಚಾಪ್ಲಿನ್‌ನ ಜೀವನಚರಿತ್ರೆಯನ್ನೂ ಕನ್ನಡಕ್ಕೆ ಕೊಟ್ಟರು. ಲಂಡನ್ನಿನ ಕೊಳೆಗೇರಿಯ ಹುಡುಗ ಕೊಟ್ಟೂರಿನ ಮೇಷ್ಟ್ರಿಗೆ ಯಾಕೆ ಹತ್ತಿರವಾದ ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಮಾತು. "ಸಾರ್, ಮನೆಯಲ್ಲಿ ನಾವು ಉರ್ದು ಮಾತಾಡ್ತೀವಿ, ಪುಸ್ತಕದ ಕನ್ನಡ ನಮ್ಮದಲ್ಲ" ಎಂಬ ಮಾತು ಕೇಳುತ್ತಲೇ ಇರುತ್ತೇವೆ. ನಿಮ್ಮ ಊರಿನ ಶೆಟ್ಟರ ಮನೆ ಹುಡುಗನಿಗೂ, ಗೌಡರ ಮನೆ ಹುಡುಗನಿಗೂ ಪುಸ್ತಕದ ಕನ್ನಡ ಮನೆಮಾತಲ್ಲ ಎಂಬುದನ್ನು ಗಮನಿಸಿದ್ದೀರಾ? 'ಅರಮನೆ' ತೆಗೆದು ನೋಡಿ. ಕಂಪನಿ ಸರ್ಕಾರದ ಕಾಲದ ಕಥೆ, ಥಾಮಸ್ ಮನ್ರೋ ಅದರಲ್ಲೊಂದು ಪಾತ್ರ. 1800ರಲ್ಲಿ ನಿಜಾಮರಿಂದ ಇಂಗ್ಲಿಷರಿಗೆ ಹೋದ ನಮ್ಮ ದತ್ತಮಂಡಲಕ್ಕೆ ಮೊದಲ ಪ್ರಿನ್ಸಿಪಲ್ ಕಲೆಕ್ಟರಾಗಿ ಬಂದವನು ಈ ಮನ್ರೋ. ಈ ಸೀಮೆಯ ಕನ್ನಡದಲ್ಲಿ ಜಮೀನು, ತಕರಾರು, ಅರ್ಜಿ, ವಸೂಲಿ, ರೈತ, ಹುಕುಂ, ದಫ್ತರ, ಇವೆಲ್ಲ ಎಲ್ಲಿಂದ ಬಂದವು? ನಿಮ್ಮ ಅಜ್ಜಿಯ ಬಾಯಲ್ಲಿರುವ ಮಾತುಗಳೇ. ತೆಲುಗು, ಉರ್ದು, ಹಳ್ಳಿಯ ಬೈಗುಳ, ಒಗಟು, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕುಲುಕಿದ ಕನ್ನಡ ಅದು. ವಾಕ್ಯಗಳು ಮಾರುದ್ದ. ಮೊದಲ ಇಪ್ಪತ್ತು ಪುಟ ಬೆವರಿಳಿಸುತ್ತವೆ ಎಂದು ಮೊದಲೇ ಹೇಳಿಬಿಡುತ್ತೇನೆ. ಜೋರಾಗಿ ಓದಿದರೆ ದಾರಿ ಸಿಗುತ್ತದೆ. ಆ ಕಾದಂಬರಿಗೇ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಓದು ಯಾರನ್ನು ಯಾವಾಗ ಎತ್ತ ತಿರುಗಿಸುತ್ತದೋ ಹೇಳಲು ಬಾರದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರರು. ಕನ್ನಡ ಪುಸ್ತಕವೆಂದರೆ ಅವರಿಗೆ ತಾತ್ಸಾರವಿತ್ತು. ಅನಕೃ ಅವರ 'ಸಂಧ್ಯಾರಾಗ' ಓದಿದರು, ಮನಸ್ಸು ಕನ್ನಡಕ್ಕೆ ತಿರುಗಿತು. ಅವರೇ ಬೀಚಿ. ತಿಂಮನ ಹೆಸರು ಕೇಳದ ಕನ್ನಡಿಗ ಕಡಿಮೆ. ಆತ್ಮಕಥೆಗೂ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟ ಮಹಾನುಭಾವರು.

ಪ್ರಬಂಧ, ವಿಮರ್ಶೆ ಬರೆಯುವ ಆಸೆಯಿರುವವರು ರಹಮತ್ ತರೀಕೆರೆ ಅವರನ್ನು ಓದಬೇಕು. ಹುಟ್ಟಿದ್ದು ತರೀಕೆರೆ ಕಡೆ, ದುಡಿದದ್ದು ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ. ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಗ್ರಂಥಾಲಯದ ಜೊತೆಗೆ ಊರೂರು ತಿರುಗಿಯೂ ಬರೆದರು. 'ಕತ್ತಿಯಂಚಿನ ದಾರಿ'ಗೆ 2010ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಜನರಲ್ಲಿ ಎಲ್ಲ ಜಾತಿಯವರೂ ಇರುವುದನ್ನು ನಾವು ದಿನಾ ನೋಡಿ ಸುಮ್ಮನಿದ್ದೆವು. ಅವರು ನೋಡಿ ಬರೆದರು.

ಇನ್ನು ಬೇರೆ ಕಲಾವಿದರ ಜೊತೆ ಸೇರುವ ವಿಷಯ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿ, ರಾಜಕಾರಣದ ನಡುವೆಯೂ ನಾಟಕ ಬಿಡದೆ ಇದ್ದರು, 2011ರಲ್ಲಿ ತೀರಿಕೊಂಡರು. ಕುಂವೀ ಕಥೆಗಳು ಹಿಡಿದ ದಾರಿ ಸಿನಿಮಾದ್ದು. 'ಬೇಲಿ ಮತ್ತು ಹೊಲ' 1987ರಲ್ಲಿ ಶಿವರಾಜ್‌ಕುಮಾರ್ ನಾಯಕರಾದ 'ಮನ ಮೆಚ್ಚಿದ ಹುಡುಗಿ' ಆಯಿತು. ಹಾಡು, ಹೊಡೆದಾಟ ಎಲ್ಲ ಸೇರಿದ ಜನಪ್ರಿಯ ಚಿತ್ರ. ಪುಸ್ತಕ ಓದಿ ಸಿನಿಮಾ ನೋಡಿದವರು ಮೂಗು ಮುರಿಯಬಹುದು. ನನಗೆ ತಕರಾರಿಲ್ಲ. ಪುಸ್ತಕ ಮುಟ್ಟದ ಎಷ್ಟೋ ಜನರಿಗೆ ಆ ಕಥೆ ಮುಟ್ಟಿತು.

'ಕೊಟ್ರೇಶಿ ಕನಸು' ಬಗ್ಗೆ ಸ್ವಲ್ಪ ನಿಲ್ಲಬೇಕು. ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ತೆಗೆದ ಚಿತ್ರ. ಒಳ್ಳೆಯ ಅಂಕ ತೆಗೆದ ಬಡ ದಲಿತ ಹುಡುಗ ಮುಂದೆ ಓದಬೇಕು ಅನ್ನುತ್ತಾನೆ. ಇಷ್ಟೇ ಅವನ ಕನಸು. ಊರಿನ ದೊಡ್ಡವರಿಗೆ ಅದು ನುಂಗಲಾರದ ತುತ್ತು. ಕೊಟ್ರೇಶಿಯಾಗಿದ್ದ ವಿಜಯ ರಾಘವೇಂದ್ರ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಅದು ಕಲಾವಿದನ ಮಾತಾಯಿತು. ನಾನು ಕೇಳುವುದು ಬೇರೆ. ನಮ್ಮ ಓಣಿಗಳಲ್ಲಿ ಹತ್ತನೇ ತರಗತಿ ಪಾಸಾದ ಮಗನನ್ನು ಗ್ಯಾರೇಜಿಗೆ, ಮಗಳನ್ನು ಮನೆಗೆಲಸಕ್ಕೆ ಹಚ್ಚುವಾಗ ಅಡ್ಡ ನಿಂತ ಗೌಡ ಯಾರು? ಹೊರಗಿನವನೇ ಎಂದು ಹೇಳಲು ಆಗುತ್ತದೆಯೇ? ತಂದೆತಾಯಂದಿರು ಇಲ್ಲಿ ಕೂತಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಚಿತ್ರ ಗಿರೀಶ್ ಕಾಸರವಳ್ಳಿಯವರ 'ಕೂರ್ಮಾವತಾರ'. 2011ರ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನೋಡಲು ಗಾಂಧೀಜಿಯಂತಿರುವ ಸರ್ಕಾರಿ ನೌಕರನೊಬ್ಬ ಟಿ.ವಿ. ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡುತ್ತಾನೆ. ಜನ ಅವನಲ್ಲೇ ಗಾಂಧಿಯನ್ನು ಹುಡುಕತೊಡಗುತ್ತಾರೆ. ಗಾಂಧೀಜಿಯವರ ಚಿತಾಭಸ್ಮ ಇಟ್ಟು ಸ್ಮಾರಕ ಕಟ್ಟಿದ ಕೂಡ್ಲಿಗಿಯ ಪಕ್ಕದ ಲೇಖಕನಿಗೆ ಇಂಥ ಕಥೆ ಹೊಳೆದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅವರ ಆತ್ಮಕಥೆಯ ಹೆಸರೂ 'ಗಾಂಧಿ ಕ್ಲಾಸು'. ಟೆಂಟಿನಲ್ಲಿ ಪರದೆಯ ಮುಂದೆ ನೆಲದ ಮೇಲೆ ಕೂರುವ ಅಗ್ಗದ ಜಾಗಕ್ಕೂ, ಪರೀಕ್ಷೆಯಲ್ಲಿ ಮೂರನೇ ದರ್ಜೆಗೂ ನಮ್ಮ ಕಡೆ ಇದೇ ಹೆಸರು. ಇಲ್ಲಿ ಗಾಂಧಿ ಕ್ಲಾಸಿನಲ್ಲಿ ಪಾಸಾದವರು ಇದ್ದರೆ ಧೈರ್ಯವಾಗಿ ಆ ಪುಸ್ತಕದಿಂದಲೇ ಶುರು ಮಾಡಿ. 'ಅರಮನೆ' ಆಮೇಲೆ.

2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಈ ಐದೂ ಊರುಗಳು ಒಂದೇ ಜಿಲ್ಲೆಯಲ್ಲಿವೆ. ಕಾರ್ಯದರ್ಶಿಯವರಲ್ಲಿ ಒಂದು ವಿನಂತಿ ಇದೆ. ಈ ಸಲ ಹತ್ತನೇ ತರಗತಿ ಫಲಿತಾಂಶ ಬರುವ ವಾರ, ಕಾಲೇಜು ಅರ್ಜಿ ತುಂಬುವ ಮೊದಲು, ಇದೇ ಸಭಾಂಗಣದಲ್ಲಿ 'ಕೊಟ್ರೇಶಿ ಕನಸು' ತೋರಿಸಿ. ಮಕ್ಕಳು ಹೇಗೂ ಬರುತ್ತಾರೆ. ತಂದೆತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಅರ್ಜಿ ನಮೂನೆಗಳನ್ನು ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿರಿ. ತುಂಬಿಕೊಡಲು ನಾನು ಬಂದು ಕೂರುತ್ತೇನೆ.